ತಗಡಿನ ಡಬ್ಬಿಯಲ್ಲಿ ಬಚ್ಚಿಟ್ಟ ಪದ

ಪ್ರೀತಿಯ ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕುಳಿತು ಕನ್ನಡಕ ಹುಡುಕುತ್ತಿರುವ ಅಜ್ಜ ಅಜ್ಜಿಯರೇ,

ಅಮೆರಿಕದ ಹಿಮದ ಬಗ್ಗೆ ಹೋದ ಸಲ ಬರೆದದ್ದನ್ನು ಓದಿ ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಾಳೆ: "ಅಜ್ಜಿ, ಅಷ್ಟು ಚಳಿಯಲ್ಲಿ ಭಾನುವಾರ ಏನು ಮಾಡುತ್ತಿದ್ದಿರಿ? ಬೇಜಾರಾಗುತ್ತಿರಲಿಲ್ಲವೇ?" ಆಗುತ್ತಿತ್ತಮ್ಮ. ಆದರೆ ಫೆಬ್ರವರಿಯಿಂದ ಆಗಲಿಲ್ಲ. ಯಾಕೆಂದು ಈ ವಾರ ಹೇಳುತ್ತೇನೆ.

2023ರ ಆ ಚಳಿಗಾಲದಲ್ಲಿ ನಾನು ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಮಗಳ ಮನೆಯಲ್ಲಿದ್ದೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ. ಊರಿನ ಎಪಿಸ್ಕೋಪಲ್ ಚರ್ಚಿನಲ್ಲಿ ಆರ್ಗನ್ ನುಡಿಸುವವರು. ಒಂದು ಸಂಜೆ ಅವರು ಬಂದು, "ನನ್ನ ಬೆರಳು ಇನ್ನೂ ಚುರುಕಾಗಿವೆ, ಆದರೆ ಪುಟ ತಿರುಗಿಸಲು ಮೂರನೆಯ ಕೈ ಇಲ್ಲ. ನಿಮ್ಮ ಮೊಮ್ಮಗ ಪಿಯಾನೋ ಕಲಿಯುತ್ತಾನಲ್ಲ, ಕಳಿಸುತ್ತೀರಾ?" ಎಂದು ಕೇಳಿದರು. ಅವನಿಗೆ ಒಂಬತ್ತು ವರ್ಷ. ಒಬ್ಬನೇ ಹೋಗಲು ನಾಚಿಕೆ. ಹಾಗಾಗಿ ಪುಟ ತಿರುಗಿಸಲು ಅವನು, ಅವನ ಕೋಟು ಹಿಡಿದುಕೊಳ್ಳಲು ನಾನು. ನಾನೋ ದಿನವೂ ಮನೆದೇವರಿಗೆ ದೀಪ ಹಚ್ಚುವವಳು. "ನಾನು ಬರಬಹುದೇ?" ಎಂದು ಕೇಳಿದ್ದಕ್ಕೆ ಆ ಅಜ್ಜಿ, "ಬಂದರೆ ಹದಿನೇಳು ಜನ ಆಗುತ್ತೇವೆ" ಎಂದರು.

ನಿಜವಾಗಿಯೂ ಹದಿನೇಳೇ. ಬಿಳಿ ಬಣ್ಣ ಬಳಿದ ಮರದ ಚರ್ಚು. ಕೂರಲು ನೂರು ಜನಕ್ಕೆ ಜಾಗವಿದೆ. ಪಾದ್ರಿ ಒಬ್ಬ ಮಹಿಳೆ. ಈ ಚರ್ಚಿನಲ್ಲಿ ಹೆಂಗಸರೂ ಪಾದ್ರಿಗಳಾಗಬಹುದೆಂದು 1976ರಲ್ಲೇ ತೀರ್ಮಾನವಾಗಿದೆ. ಅವರಿಗೆ ಎರಡು ಊರಿನ ಜವಾಬ್ದಾರಿ. ಆದ್ದರಿಂದ ಒಂದು ಭಾನುವಾರ ಇಲ್ಲಿ, ಮುಂದಿನದು ಅಲ್ಲಿ. ಪಾದ್ರಿಯಮ್ಮ ಬಾರದ ಭಾನುವಾರ ಊರಿನವರೇ ಒಬ್ಬರು ನಿಂತು ಬೆಳಗಿನ ಪ್ರಾರ್ಥನೆ ನಡೆಸುತ್ತಾರೆ. ಅಂದು ರೊಟ್ಟಿ ಮತ್ತು ದ್ರಾಕ್ಷಾರಸದ ಪ್ರಸಾದ ಇರುವುದಿಲ್ಲ.

ಎಪಿಸ್ಕೋಪಲ್ ಅಂದರೆ ಬಿಷಪ್‌ಗಳ ಮೇಲ್ವಿಚಾರಣೆ ಇರುವ ಚರ್ಚು. ಅಮೆರಿಕ ಬ್ರಿಟಿಷರಿಂದ ಬಿಡುಗಡೆಯಾದ ಮೇಲೆ, ಇಂಗ್ಲೆಂಡಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡುವ ಚರ್ಚಿನಲ್ಲಿ ಅಲ್ಲಿನವರು ಇರುವುದಾದರೂ ಹೇಗೆ? 1789ರಲ್ಲಿ ತಮ್ಮದೇ ಚರ್ಚನ್ನು ಕಟ್ಟಿಕೊಂಡು ತಮ್ಮದೇ ಪ್ರಾರ್ಥನೆಯ ಪುಸ್ತಕ ಮಾಡಿಕೊಂಡರು. ನಮ್ಮ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ನೋಡಿದ್ದೀರಲ್ಲ? ಅದೂ ಮೊದಲು ಇಂಗ್ಲೆಂಡಿನ ಚರ್ಚಿಗೆ ಸೇರಿದ್ದು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೆ ಸೇರಿದೆ. ಹಾಗಾಗಿ ಇವೆರಡೂ ದೂರದ ದಾಯಾದಿಗಳು.

ನಾವು ಮೊದಲು ಹೋದ ಭಾನುವಾರ ಫೆಬ್ರವರಿ 19. ಅಂದು ಪೂಜೆಯ ಕೊನೆಗೆ ಒಂದು ವಿಚಿತ್ರ ನಡೆಯಿತು. ಚರ್ಚಿನಲ್ಲಿದ್ದ ಇಬ್ಬರು ಮಕ್ಕಳು, ಅವರ ಜೊತೆಗೆ ನಮ್ಮವನು, ಒಂದು ಉದ್ದನೆಯ ಕಾಗದದ ಮೇಲೆ ಮೇಣದ ಬಣ್ಣದಲ್ಲಿ ದೊಡ್ಡದಾಗಿ ಒಂದು ಪದ ಬರೆದರು: ಅಲ್ಲೆಲೂಯ. ಅದು ಹೀಬ್ರೂ ಭಾಷೆಯ ಪದ, ದೇವರನ್ನು ಸ್ತುತಿಸಿ ಎಂದು ಅರ್ಥ. ಸಂತೋಷದ ಪದ. ಆಮೇಲೆ ಆ ಕಾಗದವನ್ನು ಸುರುಳಿ ಸುತ್ತಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಗೆ ಹಾಕಿ ಮುಚ್ಚಿದರು. ಇನ್ನು ಈಸ್ಟರ್ ಬರುವ ತನಕ ಆ ಪದವನ್ನು ಚರ್ಚಿನಲ್ಲಿ ಯಾರೂ ಹೇಳುವ ಹಾಗಿಲ್ಲ, ಹಾಡುವ ಹಾಗಿಲ್ಲ. ಹಲವು ಕಡೆ ಅದನ್ನು ನೆಲದಲ್ಲಿ ಹೂಳುತ್ತಾರಂತೆ. ವರ್ಮಾಂಟಿನ ಫೆಬ್ರವರಿಯಲ್ಲಿ ನೆಲಕ್ಕೆ ಗುದ್ದಲಿ ಹಾಕಿದರೆ ಗುದ್ದಲಿಯೇ ಮುರಿದೀತು. ಅದಕ್ಕೇ ಡಬ್ಬಿಯನ್ನು ನೆಲಮಾಳಿಗೆಗೆ ಒಯ್ದು, ಚರ್ಚನ್ನು ಬೆಚ್ಚಗಿಡುವ ಎಣ್ಣೆಯ ಒಲೆಯ ಹಿಂದೆ ಬಚ್ಚಿಟ್ಟರು. ಎಲ್ಲಿಟ್ಟಿದ್ದೇವೆಂದು ಯಾರಿಗೂ ಹೇಳುವುದಿಲ್ಲ ಎಂದು ಮೂವರೂ ಕೈಮೇಲೆ ಕೈ ಇಟ್ಟು ಆಣೆ ಮಾಡಿದರು. ಮನೆಗೆ ಬರುವ ದಾರಿಯಲ್ಲೇ ನಮ್ಮವನು ನನಗೆ ಹೇಳಿಬಿಟ್ಟ, ಅದು ಬೇರೆ ಮಾತು.

ಯಾಕೆ ಬಚ್ಚಿಡಬೇಕು? ಯಾಕೆಂದರೆ ಲೆಂಟ್ ಶುರುವಾಗುತ್ತದೆ. ನಮ್ಮ ಕಡೆಯ ಕ್ರೈಸ್ತರು ಇದನ್ನು ತಪಸ್ಸುಕಾಲ ಅನ್ನುತ್ತಾರೆ. ಯೇಸು ಮರಳುಗಾಡಿನಲ್ಲಿ ನಲವತ್ತು ದಿನ ಉಪವಾಸವಿದ್ದ ನೆನಪಿಗೆ ನಲವತ್ತು ದಿನ. ಬುಧವಾರ ಶುರು. ಅಂದು ಪಾದ್ರಿಯಮ್ಮ ಎಲ್ಲರ ಹಣೆಗೂ ಬೂದಿಯಿಂದ ಶಿಲುಬೆ ಎಳೆಯುತ್ತಾ, ನೀನು ಮಣ್ಣಿನಿಂದ ಬಂದವನು, ಮಣ್ಣಿಗೇ ಹೋಗುವವನು ಎಂದು ನೆನಪಿಸುತ್ತಾರೆ. ಆ ಬೂದಿ ಹೋದ ವರ್ಷದ ಗರಿಗಳ ಭಾನುವಾರದಲ್ಲಿ ಹಂಚಿದ ತಾಳೆಗರಿಗಳನ್ನು ಸುಟ್ಟು ಮಾಡಿದ್ದು. ವಿಭೂತಿ ಕಂಡವರಿಗೆ ನಮಗೇನು ಹೊಸದಲ್ಲ. ಮೊಮ್ಮಗ ಮಾತ್ರ ಆ ಮಾತಿಗೆ ಸ್ವಲ್ಪ ಹೆದರಿ ನನ್ನ ಸೆರಗು ಹಿಡಿದುಕೊಂಡ.

ಈಗ ಲೆಕ್ಕದ ಆಸಕ್ತಿ ಇರುವವರು ಹಳೆಯ ಕ್ಯಾಲೆಂಡರ್ ತೆಗೆಯಿರಿ. 2023ರ ಫೆಬ್ರವರಿ 22ರಿಂದ, ಈಸ್ಟರಿನ ಹಿಂದಿನ ದಿನ ಏಪ್ರಿಲ್ 8ರ ತನಕ ಎಣಿಸಿ. ಎಷ್ಟು ಬಂತು? 46. ನಲವತ್ತು ಎಂದಿರಲ್ಲ ಅಜ್ಜಿ ಎನ್ನುತ್ತೀರಿ. ನಡುವೆ ಆರು ಭಾನುವಾರಗಳಿವೆ, ಅವನ್ನು ಕಳೆಯಿರಿ. ಭಾನುವಾರ ಯೇಸು ಮರಳಿ ಎದ್ದ ದಿನವಾದ್ದರಿಂದ ಅದು ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಇದನ್ನು ಕಂಡುಹಿಡಿದವನು ನಮ್ಮ ಮೊಮ್ಮಗನೇ. ಲೆಂಟ್‌ನಲ್ಲಿ ಇಷ್ಟವಾದ ಏನನ್ನಾದರೂ ಬಿಡುವ ರೂಢಿಯಿದೆ. ಆ ಇಬ್ಬರು ಮಕ್ಕಳು ಚಾಕೊಲೇಟು ಬಿಟ್ಟರು. ಅವರನ್ನು ನೋಡಿ ಇವನು ಟ್ಯಾಬಿನ ಆಟ ಬಿಟ್ಟ. ಭಾನುವಾರ ಲೆಕ್ಕಕ್ಕಿಲ್ಲ ಎಂದು ಗೊತ್ತಾದ ಮೇಲೆ ಭಾನುವಾರ ಬೆಳಿಗ್ಗೆ ಐದು ಗಂಟೆಗೇ ಏಳತೊಡಗಿದ! ನಗಬೇಡಿ. ಕಾಶಿಗೆ ಹೋದರೆ ಇಷ್ಟವಾದದ್ದನ್ನು ಬಿಟ್ಟು ಬರಬೇಕೆಂಬ ಪದ್ಧತಿ ನಮ್ಮಲ್ಲಿದೆಯಲ್ಲ, ನಮ್ಮ ದೊಡ್ಡಮ್ಮ ಹಾಗಲಕಾಯಿ ಬಿಟ್ಟು ಬಂದವರು. ಅದು ಅವರಿಗೆ ಹುಟ್ಟಿದಾಗಿನಿಂದ ಸೇರುತ್ತಿರಲಿಲ್ಲ.

ಲೆಕ್ಕಕ್ಕೆ ಸೇರದಿದ್ದರೂ ಆ ಭಾನುವಾರಗಳಿಗೆ ಲೆಂಟ್‌ನ ಬಣ್ಣವೇ ಇರುತ್ತದೆ. ಪಾದ್ರಿಯಮ್ಮನ ನಿಲುವಂಗಿ ನೇರಳೆ. ಪೂಜೆಯ ಮೇಜಿನ ಮೇಲೆ ಹೂವಿಲ್ಲ. ಎಂದಿನ ಸಂತೋಷದ ಸ್ತುತಿಯ ಹಾಡಿನ ಜಾಗದಲ್ಲಿ ಕರುಣಿಸು ಎಂಬ ಸಣ್ಣ ಪ್ರಾರ್ಥನೆ. ಮೊದಲ ಭಾನುವಾರ ಒಂದು ಉದ್ದನೆಯ ಪ್ರಾರ್ಥನೆಯನ್ನು ಹಾಡುತ್ತಾ ಚರ್ಚಿನೊಳಗೆ ಸುತ್ತು ಹಾಕಿದರು. ಇಂಗ್ಲಿಷಿನಲ್ಲಿ 1544ರಷ್ಟು ಹಿಂದೆಯೇ ಬರೆದದ್ದಂತೆ. ಅದರಲ್ಲಿ ಪ್ರಯಾಣ ಮಾಡುವವರು, ಬಸುರಿಯರು, ಸೆರೆಯಲ್ಲಿರುವವರು, ರೋಗಿಗಳು, ಮನೆಯಿಲ್ಲದವರು, ಎಲ್ಲರೂ ಬರುತ್ತಾರೆ. ಕೊನೆಯ ಕಡೆ ನಮ್ಮ ಶತ್ರುಗಳೂ ಬರುತ್ತಾರೆ.

ಎಲ್ಲರೂ ಒಟ್ಟಿಗೆ ತಪ್ಪೊಪ್ಪಿಕೊಳ್ಳುವುದು ಇಲ್ಲಿನ ಪೂಜೆಯಲ್ಲಿ ಸಾಮಾನ್ಯ. ಲೆಂಟ್‌ನಲ್ಲಿ ಅದನ್ನೇ ಮೊದಲಿಗೆ ತಂದುಬಿಟ್ಟಿದ್ದರು. ಬಾಗಿಲಲ್ಲಿ ಬೂಟಿನ ಹಿಮ ಕೊಡವಿ ಒಳಗೆ ಬಂದು ಕೂರುವಷ್ಟರಲ್ಲಿ ಮಂಡಿಯೂರಿ, ಮಾಡಿದ ತಪ್ಪುಗಳಿಗೂ ಮಾಡಬೇಕಾಗಿದ್ದು ಮಾಡದೇ ಬಿಟ್ಟದ್ದಕ್ಕೂ ಕ್ಷಮೆ ಕೇಳಬೇಕು. ಆರ್ಗನ್ ಪಕ್ಕದ ಮಣೆಯಿಂದ ಇದನ್ನೆಲ್ಲ ನೋಡಿದ ಮೊಮ್ಮಗ ಮನೆಗೆ ಬಂದು ಕೇಳಿದ: "ಪಾದ್ರಿಯಮ್ಮನೂ ಮಂಡಿಯೂರಿ ಹೇಳಿದರು. ಅವರೇನು ತಪ್ಪು ಮಾಡಿದ್ದಾರೆ?"

ನಾನು ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಮಕ್ಕಳ ಮುಂದೆ ಒಂದು ಸಲವಾದರೂ ಹಾಗೆ ಹೇಳಿದ್ದು ನನಗೆ ನೆನಪಿಲ್ಲ. "ಅವರನ್ನೇ ಕೇಳು" ಎಂದು ಜಾರಿಕೊಂಡೆ. ಅವನು ಮುಂದಿನ ಸಲ ಕೇಳಿಯೇ ಬಿಟ್ಟ. ಪಾದ್ರಿಯಮ್ಮ ಒಂದು ಕ್ಷಣ ಯೋಚಿಸಿ, "ಈ ವಾರ ಒಬ್ಬರಿಗೆ ಫೋನು ಮಾಡಬೇಕಿತ್ತು, ಮಾಡಲಿಲ್ಲ" ಎಂದರಂತೆ.

ಈಗ ಇಬ್ಬರು ಅಜ್ಜಂದಿರ ವಿಷಯಕ್ಕೆ ಬರುತ್ತೇನೆ.

ಹದಿನೇಳು ಜನರಲ್ಲಿ ಒಬ್ಬರು ಸದಾ ಮುಂದಿನ ಎಡಗಡೆಯ ಬೆಂಚಿನಲ್ಲಿ, ಇನ್ನೊಬ್ಬರು ಕೊನೆಯ ಬಲಗಡೆಯ ಬೆಂಚಿನಲ್ಲಿ. ಅವರ ಮನೆಗಳು ಅಕ್ಕಪಕ್ಕ. ನಡುವೆ ಮೂರು ಮೇಪಲ್ ಮರಗಳು. ಮಾರ್ಚ್ ತಿಂಗಳಲ್ಲಿ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಆ ಮರಗಳಿಗೆ ಸಣ್ಣ ತೂತು ಕೊರೆದು ಬಕೆಟ್ ತೂಗುಹಾಕಿ ರಸ ಇಳಿಸುತ್ತಾರೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ ಸಿಗುತ್ತದೆ. ನಮ್ಮ ಜೋನಿಬೆಲ್ಲದ ತಮ್ಮ ಅನ್ನಿ. ಆ ಮೂರು ಮರ ಯಾರದು ಎಂಬ ಮಾತಿಗೆ ಇಬ್ಬರಿಗೂ ಜಗಳವಾಗಿ ಹನ್ನೊಂದು ವರ್ಷ. ಅಂದಿನಿಂದ ಮಾತಿಲ್ಲ. ನಾನು ಅವರಿಗೆ ಬಕೆಟ್ ಅಜ್ಜ, ಸೌದೆ ಅಜ್ಜ ಎಂದು ಹೆಸರಿಟ್ಟಿದ್ದೆ.

ಮಾತಿಲ್ಲ ಎಂದೆನಲ್ಲ, ವಾರಕ್ಕೆ ಒಂದು ಪದ ಇತ್ತು. ಪೂಜೆಯ ನಡುವೆ ಎಲ್ಲರೂ ಎದ್ದು ಒಬ್ಬರಿಗೊಬ್ಬರು ಕೈಕುಲುಕಿ ಶಾಂತಿ ಕೋರಬೇಕು. ದೊಡ್ಡ ಚರ್ಚಾದರೆ ಸುತ್ತಲಿನ ನಾಲ್ಕು ಜನಕ್ಕೆ ಕೈಕೊಟ್ಟು ಕುಳಿತುಬಿಡಬಹುದು. ಹದಿನೇಳು ಜನರಿರುವ ಕಡೆ ಎಲ್ಲರೂ ಎಲ್ಲರ ಹತ್ತಿರವೂ ಹೋಗುತ್ತಾರೆ. ತಪ್ಪಿಸಿಕೊಂಡರೆ ಉಳಿದ ಹದಿನೈದು ಜನಕ್ಕೂ ಗೊತ್ತಾಗುತ್ತದೆ. ಬಕೆಟ್ ಅಜ್ಜ ನಡುದಾರಿಯಲ್ಲಿ ನಿಧಾನವಾಗಿ ಹಿಂದಕ್ಕೆ ಬರುವುದು, ಸೌದೆ ಅಜ್ಜ ಕಿಟಕಿಯತ್ತ ನೋಡುತ್ತಲೇ ಕೈ ಚಾಚುವುದು, ಬೆರಳ ತುದಿ ತಾಗಿತೋ ಇಲ್ಲವೋ ಎನ್ನುವಂತೆ ಮುಟ್ಟಿ "ಶಾಂತಿ" ಎಂದು ಗೊಣಗುವುದು. ಆರ್ಗನ್ ಅಜ್ಜಿ ಹೇಳಿದರು, "ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಇದೇ. ಮೊದಮೊದಲು ನಮಗೆ ನಗು ಬರುತ್ತಿತ್ತು."

ಮಾರ್ಚ್ 12 ಲೆಂಟ್‌ನ ಮೂರನೆಯ ಭಾನುವಾರ. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ನಸುಕಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಹೀಗಾಗಿ ಪ್ರತಿ ಲೆಂಟ್‌ನಲ್ಲೂ ಒಂದು ಭಾನುವಾರ ನಿದ್ದೆಯಲ್ಲಿ ಒಂದು ಗಂಟೆ ಕಳೆದುಹೋಗುತ್ತದೆ. ಮರೆತವರು ಚರ್ಚಿಗೆ ಬರುವಷ್ಟರಲ್ಲಿ ಪೂಜೆ ಮುಗಿದಿರುತ್ತದೆ. ಅಂದು ಹತ್ತು ಗಂಟೆಗೆ ನಾವು ಹನ್ನೆರಡೇ ಜನ. ಹತ್ತು ನಿಮಿಷಕ್ಕೆ ಇನ್ನಿಬ್ಬರು, ಕಾಲು ಗಂಟೆಗೆ ಮತ್ತಿಬ್ಬರು, ಕೂದಲು ಬಾಚದೆಯೇ ಓಡಿಬಂದರು. ಸೌದೆ ಅಜ್ಜ ಬರಲಿಲ್ಲ. "ಗಡಿಯಾರ ಮರೆತಿರಬೇಕು, ಹನ್ನೊಂದಕ್ಕೆ ಬರುತ್ತಾನೆ" ಎಂದು ಯಾರೋ ನಕ್ಕರು.

ಅಂದು ಓದಿದ ಸುವಾರ್ತೆ ಬಹಳ ಉದ್ದ. ನಡುಮಧ್ಯಾಹ್ನ ದಣಿದ ಯೇಸು ಒಂದು ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದಾನೆ. ನೀರು ಸೇದಲು ಬಂದ ಸಮಾರ್ಯದ ಹೆಂಗಸನ್ನು ಕುಡಿಯಲು ನೀರು ಕೇಳುತ್ತಾನೆ. ಅವಳಿಗೆ ಆಶ್ಚರ್ಯ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯಿಲ್ಲ, ನನ್ನ ಕೈಯ ನೀರನ್ನು ನೀನು ಕೇಳುವುದೇ ಎನ್ನುತ್ತಾಳೆ. ಈ ಕಥೆ ನನಗೆ ಗೊತ್ತಿರಲಿಲ್ಲ. ಆದರೆ ಆ ಬಾವಿ ಗೊತ್ತಿತ್ತು. ನಮ್ಮೂರಿನ ಬಾವಿಗೂ ಕಾಣದ ಒಂದು ಗೆರೆ ಇತ್ತು ಮಕ್ಕಳೇ. ನಾನು ಚಿಕ್ಕವಳಿದ್ದಾಗ ಆ ಗೆರೆಯ ಈಚೆ ನಿಂತು ಧಾರಾಳವಾಗಿ ನೀರು ಸೇದಿದವಳು. ಆಚೆ ಕೊಡ ಇಟ್ಟುಕೊಂಡು ಯಾರಾದರೂ ಹೊಯ್ಯಲಿ ಎಂದು ಕಾಯುತ್ತಿದ್ದ ಹೆಂಗಸರು ನೆನಪಿಗೆ ಬಂದರು. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ.

ಶಾಂತಿ ಕೋರುವ ಹೊತ್ತು ಬಂತು. ಬಕೆಟ್ ಅಜ್ಜ ರೂಢಿಯಂತೆ ಹಿಂದಿನ ಬೆಂಚಿನ ತನಕ ನಡೆದುಹೋದರು. ಅಲ್ಲಿ ಯಾರೂ ಇರಲಿಲ್ಲ. ಒಂದು ಕ್ಷಣ ಖಾಲಿ ಬೆಂಚಿನ ಮುಂದೆ ನಿಂತು ತಿರುಗಿ ಬಂದರು.

ಆಮೇಲೆ ಎಲ್ಲರೂ ಪ್ರಸಾದಕ್ಕೆ ಮುಂದೆ ಹೋದರು. ಕ್ರೈಸ್ತರಲ್ಲದವರು ಎದೆಯ ಮೇಲೆ ಕೈ ಕಟ್ಟಿ ನಿಂತರೆ ಪಾದ್ರಿಯಮ್ಮ ತಲೆ ಮುಟ್ಟಿ ಹರಸುತ್ತಾರೆ. ನಾನೂ ಮೊಮ್ಮಗನೂ ಹಾಗೆಯೇ ನಿಲ್ಲುತ್ತಿದ್ದೆವು. ಪೂಜೆ ಮುಗಿದಾಗ ಹನ್ನೊಂದು ದಾಟಿತ್ತು. ಹಿಂದಿನ ಕೋಣೆಯಲ್ಲಿ ಕಾಫಿಯ ವಾಸನೆ. ಸೌದೆ ಅಜ್ಜ ಇನ್ನೂ ಬಂದಿರಲಿಲ್ಲ. ಎಲ್ಲರೂ ಕಪ್ಪು ಹಿಡಿದುಕೊಂಡು ಮಾತಾಡುತ್ತಿದ್ದಾಗ ಬಕೆಟ್ ಅಜ್ಜ ಮಾತ್ರ ಕೋಟು ಹಾಕಿಕೊಂಡರು. ಯಾರಿಗೂ ಏನೂ ಹೇಳಲಿಲ್ಲ. ಅವರ ಹಳೆಯ ಟ್ರಕ್ಕಿನ ಸದ್ದು ಕೇಳಿ ನಾವು ಕಿಟಕಿಯಿಂದ ನೋಡಿದೆವು.

ಸೌದೆ ಅಜ್ಜ ಅಂಗಳದ ಸೌದೆಗೂಡಿನ ಹತ್ತಿರ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಿದ್ದರು. ಕಾಲಿನ ಮೂಳೆ ಮುರಿದಿತ್ತು. ಫೋನು ಮನೆಯೊಳಗೆ. ಎರಡು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ, ದಪ್ಪನೆಯ ಕೋಟು ಮೈಮೇಲಿತ್ತು ಅಷ್ಟೇ ಪುಣ್ಯ. ಒಂಟಿಯಾಗಿ ಇರುವ ಮನುಷ್ಯ. ಆಂಬುಲೆನ್ಸ್ ಬರುವ ತನಕ ಬಕೆಟ್ ಅಜ್ಜ ತಮ್ಮ ಕೋಟನ್ನೂ ಅವರಿಗೆ ಹೊದಿಸಿ ಪಕ್ಕದಲ್ಲಿ ಹಿಮದ ಮೇಲೆಯೇ ಕುಳಿತಿದ್ದರಂತೆ. ಏನಾದರೂ ಮಾತಾಡಿದರೋ ಇಲ್ಲವೋ, ಆರ್ಗನ್ ಅಜ್ಜಿಗೂ ತಿಳಿಯಲಿಲ್ಲ. ಅವರಿಗೇ ತಿಳಿಯದಿದ್ದರೆ ಆ ಊರಿನಲ್ಲಿ ಇನ್ನಾರಿಗೂ ತಿಳಿಯುವುದಿಲ್ಲ.

ಮುಂದಿನ ಭಾನುವಾರ ಪಾದ್ರಿಯಮ್ಮನ ಸರದಿ ಬೇರೆ ಊರಿನಲ್ಲಿ. ಇಲ್ಲಿ ಊರಿನವರದೇ ಪ್ರಾರ್ಥನೆ. ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ಯಾರು ಓದಬೇಕೆಂಬ ಪಟ್ಟಿ ತಿಂಗಳ ಮೊದಲೇ ಬಾಗಿಲ ಬಳಿ ಅಂಟಿಸಿರುತ್ತದೆ. ಅಂದು ಬಕೆಟ್ ಅಜ್ಜನ ಸರದಿ. ಕಾಗದವನ್ನು ದೂರ ಹಿಡಿದು ಒಂದೊಂದೇ ಹೆಸರು ಓದಿದರು. ಕೊನೆಯ ಹೆಸರಿಗೆ ಮೊದಲು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿದರು. ಆರ್ಗನ್ ಪಕ್ಕದ ಮಣೆಯಲ್ಲಿದ್ದ ಮೊಮ್ಮಗ, ಅಕ್ಷರ ಕಾಣುತ್ತಿಲ್ಲವೇನೋ ಎಂದುಕೊಂಡು ಸಹಾಯ ಮಾಡಲು ಅರ್ಧ ಎದ್ದ. ಆರ್ಗನ್ ಅಜ್ಜಿ ಅವನ ಅಂಗಿ ಹಿಡಿದು ಕೂರಿಸಿದರು. ಆಮೇಲೆ ಬಕೆಟ್ ಅಜ್ಜ ಸೌದೆ ಅಜ್ಜನ ಹೆಸರನ್ನು ಓದಿದರು. ಪೂರ್ತಿ ಹೆಸರಲ್ಲ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು. ಇಬ್ಬರೂ ಒಂದೇ ಶಾಲೆಯವರೆಂದು ನನಗೆ ತಿಳಿದದ್ದೇ ಅಂದು.

ಗರಿಗಳ ಭಾನುವಾರಕ್ಕೆ ಮೊದಲೇ ನನ್ನ ವಿಮಾನ. "ಅಲ್ಲೆಲೂಯ ಹೊರಗೆ ತೆಗೆಯುವ ದಿನ ನೀನೇ ಇರುವುದಿಲ್ಲ" ಎಂದು ಮೊಮ್ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಬೆಂಗಳೂರಿಗೆ ಬಂದ ಮೇಲೂ ಮನಸ್ಸು ಅಲ್ಲೇ. ಈಸ್ಟರ್ ದಿನ ರಾತ್ರಿ ನಾನೇ ಫೋನು ಮಾಡಿದೆ. ಅಲ್ಲಿ ಆಗ ಮಧ್ಯಾಹ್ನ.

ಡಬ್ಬಿ ತೆರೆದಾಗ ಏನಾಗಿತ್ತು ಗೊತ್ತೇ? ಒಲೆಯ ಹಿಂದಿನ ಕಾವಿಗೆ ಮೇಣದ ಬಣ್ಣವೆಲ್ಲ ಕರಗಿ ಕಾಗದದ ಸುರುಳಿ ಒಂದಕ್ಕೊಂದು ಅಂಟಿಕೊಂಡಿತ್ತು. ಬಿಡಿಸುವಾಗ ಎರಡು ಕಡೆ ಹರಿಯಿತಂತೆ. ಅಕ್ಷರ ಒಂದೂ ಸರಿಯಾಗಿ ಓದಲು ಬರುತ್ತಿರಲಿಲ್ಲ. "ಆದರೂ ಎಲ್ಲರಿಗೂ ಗೊತ್ತಿತ್ತಲ್ಲ ಅಜ್ಜಿ, ಅದಕ್ಕೇ ಹಾಗೇ ಹಿಡಿದುಕೊಂಡು ಹೋದೆವು" ಎಂದ. ಆರ್ಗನ್ ಅಜ್ಜಿ ಅಷ್ಟು ಜೋರಾಗಿ ನುಡಿಸಿದ್ದನ್ನು ಅವನು ಕೇಳಿಯೇ ಇರಲಿಲ್ಲವಂತೆ. ಎರಡು ಪುಟ ಒಟ್ಟಿಗೆ ತಿರುಗಿಸಿದರೂ ಅವರು ನಿಲ್ಲಿಸಲಿಲ್ಲವಂತೆ.

"ಸೌದೆ ಅಜ್ಜ ಬಂದಿದ್ದರಾ?"

"ಹೂಂ, ವಾಕರ್ ಹಿಡಿದುಕೊಂಡು. ಬಕೆಟ್ ಅಜ್ಜನ ಟ್ರಕ್ಕಿನಲ್ಲೇ ಬಂದರು. ಹಿಂದಿನ ಬೆಂಚಿನ ತನಕ ನಡೆಯಲು ಆಗಲಿಲ್ಲ, ಮುಂದೆಯೇ ಕುಳಿತರು."

"ಹಾಗಾದರೆ ಇಬ್ಬರೂ ಈಗ ಮಾತಾಡುತ್ತಾರಾ?"

"ಕಾಫಿ ಕುಡಿಯುವಾಗ ಪೂರ್ತಿ ಮಾತಾಡಿದರು ಅಜ್ಜಿ. ಬಹಳ ಜೋರಾಗಿ."

"ಏನಂತೆ?"

"ಆ ಮೂರು ಮರ ಯಾರದು ಅಂತ."